ವಿ ಒನ್, ವಿ ಟೂ, ವಿ ಥ್ರೀ: ಇಂಗ್ಲಿಷ್ ಕ್ರಿಯಾಪದಗಳನ್ನು ಮಕ್ಕಳೊಂದಿಗೆ ಮತ್ತೆ ಓದುವುದು ಹೇಗೆ?

ಅರೈಸ್, ಅರೋಸ್, ಅರಿಸನ್. ಅವೇಕ್, ಅವೋಕ್, ಅವೋಕನ್. ಬೀಟ್, ಬೀಟ್, ಬೀಟನ್. ಗೈಡುಗಳ ಕೊನೆಯ ಪುಟಗಳಲ್ಲಿ ಕ್ರಿಯಾಪದಗಳ ಪಟ್ಟಿ ಸಾಮಾನ್ಯವಾಗಿ ಹೀಗೆಯೇ ಶುರುವಾಗುತ್ತದೆ. ಎ, ಬಿ, ಸಿ, ಡಿ ಕ್ರಮ ಹಿಡಿದು ಜೋಡಿಸಿದ್ದರ ಫಜೀತಿ ಇದು. ಐದನೇ ತರಗತಿಯ ಹುಡುಗಿ ವರ್ಷವಿಡೀ ಒಮ್ಮೆಯೂ ಬಳಸದ 'ಅರೈಸ್' ಮೊದಲ ಸಾಲಿನಲ್ಲಿ ಠೀವಿಯಿಂದ ಕುಳಿತಿರುತ್ತದೆ. ಬಾಯಿ ತೆರೆದರೆ ಬೇಕಾಗುವ 'ಗೋ' ಮುಂದಿನ ಪುಟದಲ್ಲೆಲ್ಲೋ ಅಡಗಿರುತ್ತದೆ.

ಪಟ್ಟಿಗೆ ಮೂರು ಕಂಬಸಾಲು. ಮೇಷ್ಟ್ರುಗಳ ಬಾಯಲ್ಲಿ ಅವು ವಿ ಒನ್, ವಿ ಟೂ, ವಿ ಥ್ರೀ; ಎಂದರೆ ಮೂಲ ರೂಪ, ಭೂತಕಾಲದ ರೂಪ, 'ಹ್ಯಾವ್', 'ಹ್ಯಾಸ್' ಜೊತೆ ಬರುವ ರೂಪ. ಮಕ್ಕಳು ಅದನ್ನು ಮಗ್ಗಿಯ ರಾಗದಲ್ಲಿಯೇ ಒಪ್ಪಿಸುತ್ತಾರೆ. ರಾಗ ಹಿಡಿದರೆ ಒಂದೂ ತಪ್ಪುವುದಿಲ್ಲ. ನಡುವೆ ತಡೆದು 'ನಿನ್ನೆ ನಾನು ನೀರು ಕುಡಿದೆ ಅನ್ನು ನೋಡೋಣ' ಎಂದು ಕೇಳಿದರೆ ಮಗು ತಬ್ಬಿಬ್ಬಾಗುತ್ತದೆ. 'ಡ್ರ್ಯಾಂಕ್' ಅದಕ್ಕೆ ಗೊತ್ತಿಲ್ಲ ಎಂದಲ್ಲ. ಅದರ ತಲೆಯಲ್ಲಿ 'ಡ್ರ್ಯಾಂಕ್'ಗೆ ಅಂಟಿಕೊಂಡಿರುವುದು 'ಡ್ರಿಂಕ್' ಎಂಬ ಹಿಂದಿನ ಶಬ್ದ ಮಾತ್ರ. ನಿನ್ನೆ, ನೀರು, ಕುಡಿಯುವ ಕೆಲಸ ಇವು ಯಾವುದಕ್ಕೂ ಅದು ಅಂಟಿಲ್ಲ. ಏಳೆಂಟಲ ಐವತ್ತಾರು ಎನ್ನುವುದಕ್ಕೆ ರಾಗ ಸಾಕು, ಏಕೆಂದರೆ ಪ್ರಶ್ನೆ ಬರುವುದೂ ಏಳೆಂಟಲ ಎಂದೇ. ಮಾತಿನಲ್ಲಿ ಹಾಗಲ್ಲ. 'ಡ್ರಿಂಕ್‌ನ ವಿ ಟೂ ಯಾವುದು?' ಎಂದು ಅಂಗಡಿಯವನು ಕೇಳುವುದಿಲ್ಲ.

ಜೂನ್ ತಿಂಗಳಲ್ಲಿ, ಶ್ರೀನಿವಾಸಪುರದ ಕಡೆ ಮಾವಿನ ಲಾರಿಗಳು ಇನ್ನೂ ಓಡಾಡುತ್ತಿರುವಾಗಲೇ, ಶಾಲೆಗಳಲ್ಲಿ ಸೇತುಬಂಧ ಶುರುವಾಗುತ್ತದೆ. ನೈದಾನಿಕ ಪರೀಕ್ಷೆ ನಡೆಸಿ, ಹಿಂದಿನ ತರಗತಿಯದರಲ್ಲಿ ಏನು ಉಳಿದಿದೆ, ಏನು ಹಾರಿಹೋಗಿದೆ ಎಂದು ನೋಡಿ, ಹಾರಿಹೋದದ್ದನ್ನು ಮತ್ತೆ ಹಿಡಿದು ತರುವ ಕೆಲಸ. ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007-08ರಲ್ಲಿ. ಆದ್ದರಿಂದ ಐದನೇ ತರಗತಿಗೆ ಬರುವ ಹೊತ್ತಿಗೆ ಮಗು ನಾಲ್ಕು ವರ್ಷ ಆ ಭಾಷೆಯ ಒಡನಾಟದಲ್ಲಿರುತ್ತದೆ. ನೈದಾನಿಕ ಪರೀಕ್ಷೆಯಲ್ಲಿ ಪದಗಳ ಅರ್ಥ ತಕ್ಕಮಟ್ಟಿಗೆ ಬರುತ್ತದೆ, ಚಿತ್ರ ನೋಡಿ ಹೆಸರು ಹೇಳುತ್ತಾರೆ. ಕ್ರಿಯಾಪದಕ್ಕೆ ಬಂದಾಗ ಗಾಡಿ ನಿಲ್ಲುತ್ತದೆ. ಆಗ ಎಲ್ಲರೂ ಕೈಹಾಕುವುದು ಅದೇ ಕೊನೆಯ ಪುಟಕ್ಕೆ.

ಕೋಲಾರ ಸೀಮೆಯ ಮಕ್ಕಳಿಗೆ ಈ ಭಾಗವನ್ನು ಮತ್ತೆ ಓದಿಸಲು ಆ ಪುಟಕ್ಕಿಂತ ಹತ್ತಿರದ ದಾರಿ ಇದೆ ಎಂಬುದು ನನ್ನ ವಾದ. ಆ ದಾರಿ ಮಕ್ಕಳ ಬಾಯಲ್ಲೇ ಇದೆ.

ಕನ್ನಡವೂ ಕಡಿಮೆಯೇನಲ್ಲ

'ಪ್ಲೇಗೆ ಪ್ಲೇಡ್ ಆದರೆ ಗೋಗೆ ಗೋಡ್ ಯಾಕಿಲ್ಲ ಮಿಸ್?' ಎಂದು ಮಕ್ಕಳು ಕೇಳಿದರೆ 'ಅದು ಹಾಗೇ, ಕಲಿತುಕೋ' ಎನ್ನುವುದು ವಾಡಿಕೆ. ಉತ್ತರ ಕರಿಹಲಗೆಯ ಮೇಲೆ ಎರಡೇ ನಿಮಿಷದಲ್ಲಿ ಸಿಗುತ್ತದೆ. ಎಡಗಡೆ ಮಾಡು, ಹಾಡು, ಓಡು, ನೋಡು, ಬೇಡು ಎಂದು ಬರೆಯಿರಿ. ಬಲಗಡೆ ಕೊಡು, ಇಡು, ಬಿಡು, ಸುಡು, ನೆಡು ಎಂದು ಬರೆಯಿರಿ. ಎಲ್ಲಕ್ಕೂ 'ನಿನ್ನೆ ಅವನು' ಎಂದು ಸೇರಿಸಿ ಓದಿಸಿ. ಎಡಗಡೆಯವು ಮಾಡಿದ, ಹಾಡಿದ, ಓಡಿದ ಎಂದು ಸರಾಗವಾಗಿ ಹೋಗುತ್ತವೆ. ಬಲಗಡೆಯವು ಕೊಟ್ಟ, ಇಟ್ಟ, ಬಿಟ್ಟ, ಸುಟ್ಟ, ನೆಟ್ಟ. 'ಕೊಡಿದ' ಎಂದು ಯಾರೂ ಅನ್ನುವುದಿಲ್ಲ. ಯಾರು ಹೇಳಿಕೊಟ್ಟರು? ಯಾರೂ ಇಲ್ಲ. ಎರಡೂ ಸಾಲನ್ನು ಮಕ್ಕಳು ಸ್ವಲ್ಪ ಹೊತ್ತು ದಿಟ್ಟಿಸಿದರೆ ಸಾಕು, ಗುಟ್ಟು ಅವರೇ ಬಿಡಿಸುತ್ತಾರೆ. ಮೊದಲ ಅಕ್ಷರ ದೀರ್ಘವಾಗಿದ್ದರೆ ಒಂದು ಬಗೆ, ಹ್ರಸ್ವವಾಗಿದ್ದರೆ ಇನ್ನೊಂದು ಬಗೆ.

ಇನ್ನೂ ಮುಂದೆ ಹೋಗಿ. ಬೀಳು-ಬಿದ್ದ, ಕೀಳು-ಕಿತ್ತ, ಏಳು-ಎದ್ದ, ಬೇಯು-ಬೆಂದ, ನೋಯು-ನೊಂದ. ಇಲ್ಲಿ ಭೂತಕಾಲ ಬಂದಾಗ ದೀರ್ಘಸ್ವರ ಹ್ರಸ್ವವಾಗುತ್ತದೆ. ಈಗ ಪಕ್ಕದಲ್ಲೇ ಸ್ಲೀಪ್-ಸ್ಲೆಪ್ಟ್, ಕೀಪ್-ಕೆಪ್ಟ್, ಫೀಲ್-ಫೆಲ್ಟ್, ಮೀಟ್-ಮೆಟ್, ಫೀಡ್-ಫೆಡ್ ಬರೆದು ನೋಡಿ. ಎರಡು ಭಾಷೆಗಳಿಗೂ ನೆಂಟಸ್ತಿಕೆ ಇಲ್ಲ, ಒಂದರಿಂದ ಇನ್ನೊಂದು ಪಡೆದದ್ದೂ ಅಲ್ಲ. ಆದರೂ ಬೀಳು-ಬಿದ್ದ ಬಲ್ಲ ಮಗುವಿಗೆ ಸ್ಲೀಪ್-ಸ್ಲೆಪ್ಟ್ ವಿಚಿತ್ರವೆನಿಸುವುದಿಲ್ಲ. 'ರೀಡ್' ಎಂಬುದರ ಭೂತಕಾಲ 'ರೆಡ್' ಎನ್ನುವುದು ಇದೇ ಗುಂಪಿನದು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಕಾಗುಣಿತ ಇರುವುದರಿಂದ ಮಕ್ಕಳು ಎಡವುತ್ತಾರೆ. ಕನ್ನಡ ಲಿಪಿಯಲ್ಲಿ ಪೆನ್ಸಿಲಿನಿಂದ ಒಂದು ಸುಳಿವು ಬರೆದರೆ ಮುಗಿಯಿತು. ಇಂಗ್ಲಿಷ್ ಪದದ ಮೇಲೆ ಕನ್ನಡದಲ್ಲಿ ಉಚ್ಚಾರ ಬರೆದುಕೊಂಡರೆ ಗದರುವವರಿದ್ದಾರೆ. ನನಗೆ ಅದರಲ್ಲಿ ಅಪರಾಧವೇನೂ ಕಾಣಿಸುವುದಿಲ್ಲ. ವಾರದ ನಂತರ ರಬ್ಬರಿನಿಂದ ಅಳಿಸಿದರಾಯಿತು.

ಇಂಥ ಹಟಮಾರಿ ಪದಗಳು ಉಳಿದುಕೊಂಡಿರುವುದಕ್ಕೆ ಕಾರಣವೂ ಇದೆ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಕ್ರಿಯಾಪದಗಳು ಬಿ, ಹ್ಯಾವ್, ಡೂ, ಸೇ, ಗೆಟ್, ಮೇಕ್, ಗೋ, ನೋ, ಟೇಕ್, ಸೀ. ಈ ಹತ್ತೂ ನಿಯಮಕ್ಕೆ ಬಗ್ಗದವು. ದಿನವೂ ಬಾಯಲ್ಲಿ ಆಡುವ ಪದದ ಹಳೆಯ ರೂಪ ಮರೆಯಲು ಅವಕಾಶವೇ ಇರುವುದಿಲ್ಲ. ಅಪರೂಪದ ಪದವನ್ನು ಜನ ಮರೆಯುತ್ತಾರೆ, ಮರೆತಾಗ ನಿಯಮಕ್ಕೆ ಎಳೆದು ತರುತ್ತಾರೆ. ಇದನ್ನು 2007ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಲೆಕ್ಕಹಾಕಿ ತೋರಿಸಿತು. ಹಳೆಯ ಇಂಗ್ಲಿಷಿನ 177 ಅನಿಯಮಿತ ಕ್ರಿಯಾಪದಗಳನ್ನು ಹಿಡಿದು ನೋಡಿದಾಗ ಇಂದಿಗೂ ಹಾಗೇ ಉಳಿದಿದ್ದವು 98 ಮಾತ್ರ. 'ಹೆಲ್ಪ್' ಕೂಡ ಒಂದು ಕಾಲಕ್ಕೆ ಅನಿಯಮಿತವೇ ಆಗಿತ್ತು, ಈಗ ಸಾಧುವಾಗಿ 'ಹೆಲ್ಪ್ಡ್' ಎನ್ನಿಸಿಕೊಳ್ಳುತ್ತದೆ. ಹೊಸದಾಗಿ ಹುಟ್ಟುವ ಕ್ರಿಯಾಪದ ನಿಯಮದಲ್ಲೇ ಹುಟ್ಟುತ್ತದೆ. ಇಂಗ್ಲಿಷಿನವರು 'ಗೂಗಲ್ಡ್' ಎನ್ನುತ್ತಾರೆ. ನಾವೂ 'ಇಸು' ಹಚ್ಚಿ ಹೊಸ ಕ್ರಿಯಾಪದ ಕಟ್ಟಿದರೆ ಅದರ ಭೂತಕಾಲ '-ಇಸಿದ' ಎಂದೇ ಆಗುತ್ತದೆ.

ಇದರಿಂದ ಪಾಠಕ್ಕೆ ಸಿಗುವ ಲಾಭ ದೊಡ್ಡದು. ಇಡೀ ಪಟ್ಟಿ ಬೇಕಾಗಿಲ್ಲ. ಹೆಚ್ಚು ಬಳಸುವ ಪದಗಳು ಹೆಚ್ಚು ಹಟಮಾರಿಗಳೇ ಆಗಿರುವುದರಿಂದ, ಅವುಗಳಲ್ಲಿ ಒಂದು ಮೂವತ್ತು ನಲವತ್ತು ಕೈವಶವಾದರೆ ಪ್ರಾಥಮಿಕ ಶಾಲೆಯ ಮಗುವಿನ ಮಾತು ನಡೆಯುತ್ತದೆ. 'ಅರೈಸ್' ಹೈಸ್ಕೂಲಿನವರೆಗೆ ಕಾಯಲಿ.

'ಗೋಡ್' ಎಂದ ಮಗು

'ಐ ಗೋಡ್ ಟು ಮಂಡಿ ಮಿಸ್' ಎಂದ ಒಬ್ಬ ಹುಡುಗ. ತರಗತಿ ಘೊಳ್ಳೆಂದಿತು. ನಗಬೇಕಾದ ವಿಷಯ ಅಲ್ಲವೇ ಅಲ್ಲ. 'ಗೋಡ್' ಎಂಬ ಪದವನ್ನು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ, ಯಾವ ಪುಸ್ತಕದಲ್ಲೂ ಅದು ಇಲ್ಲ. ಭೂತಕಾಲಕ್ಕೆ ಕೊನೆಯಲ್ಲಿ 'ಡ್' ಬರಬೇಕು ಎಂಬ ನಿಯಮವನ್ನು ಅವನೇ ಹೆಕ್ಕಿಕೊಂಡು, ತಾನೇ ಒಂದು ಪದಕ್ಕೆ ಹಚ್ಚಿದ್ದಾನೆ. ಇಂಗ್ಲಿಷ್ ಮನೆಮಾತಾಗಿರುವ ಪುಟ್ಟ ಮಕ್ಕಳೂ ಹೀಗೇ 'ಗೋಡ್', 'ಕಮ್ಡ್' ಎನ್ನುತ್ತಾರೆ. ಅದಕ್ಕೂ ಮೊದಲು ಅದೇ ಮಕ್ಕಳು 'ವೆಂಟ್' ಎಂದು ಸರಿಯಾಗಿಯೇ ಹೇಳುತ್ತಿರುತ್ತಾರೆ. ನಿಯಮ ಗೊತ್ತಾದ ಮೇಲೆ ಕೆಲಕಾಲ ತಪ್ಪು ಶುರುವಾಗಿ, ಆಮೇಲೆ ತಾನಾಗಿ ತಿಳಿಯಾಗುತ್ತದೆ.

1958ರಲ್ಲಿ ಅಮೆರಿಕದ ಜೀನ್ ಬರ್ಕೊ ಎಂಬ ಸಂಶೋಧಕಿ ಇದನ್ನು ಸೊಗಸಾಗಿ ಪರೀಕ್ಷಿಸಿದರು. ಇಲ್ಲದ ಪದಗಳನ್ನು ಕಟ್ಟಿ, ಚಿತ್ರ ತೋರಿಸಿ, 'ಈ ಮನುಷ್ಯನಿಗೆ ರಿಕ್ ಮಾಡುವುದು ಗೊತ್ತು, ನಿನ್ನೆಯೂ ಅದನ್ನೇ ಮಾಡಿದ, ನಿನ್ನೆ ಅವನು...' ಎಂದು ನಿಲ್ಲಿಸಿದರೆ ಮಕ್ಕಳು 'ರಿಕ್ಟ್' ಎಂದು ತುಂಬಿದರು. ಕೇಳಿಯೇ ಇಲ್ಲದ ಪದಕ್ಕೆ ಭೂತಕಾಲ ಬಂತು ಎಂದರೆ ಅದು ಬಾಯಿಪಾಠದ ಫಲವಲ್ಲ, ನಿಯಮದ ಫಲ. ಇನ್ನೂ ಮಜವೆಂದರೆ 'ಗ್ಲಿಂಗ್' ಎಂಬ ಕಟ್ಟುಪದ. ಮಕ್ಕಳು 'ಗ್ಲಿಂಗ್ಡ್' ಎಂದರೆ ದೊಡ್ಡವರಲ್ಲಿ ಅನೇಕರು 'ಗ್ಲ್ಯಾಂಗ್' ಎಂದರು. ಸಿಂಗ್-ಸ್ಯಾಂಗ್, ರಿಂಗ್-ರ್ಯಾಂಗ್ ಕೇಳಿ ಕೇಳಿ ಅವರ ಕಿವಿಯಲ್ಲಿ ಆ ಗುಂಪಿನ ಶಬ್ದ ನೆಲೆಸಿತ್ತು.

ಆದ್ದರಿಂದ 'ಗೋಡ್'ಗೆ ಕೆಂಪು ಶಾಯಿ ಬೇಡ, ಹತ್ತು ಸಲ ಇಂಪೋಸಿಷನ್ ಅಂತೂ ಬೇಡವೇ ಬೇಡ. ಮಾತು ಮುಂದುವರಿಸುತ್ತಲೇ ಸರಿಯಾದ ರೂಪ ಅವನ ಕಿವಿಗೆ ಬೀಳಬೇಕು. 'ಓ, ಯು ವೆಂಟ್ ಟು ದ ಮಂಡಿ! ಹೂ ವೆಂಟ್ ವಿತ್ ಯು?' ಎಂದು ಕೇಳಿದಾಗ ಅವನು ಒಂದು ಕ್ಷಣ ತಡೆದು 'ಫಾದರ್ ವೆಂಟ್' ಎಂದ. ತಿದ್ದಿದ್ದು ಅವನಿಗೆ ಗೊತ್ತಾಯಿತು, ತರಗತಿಗೆ ಗೊತ್ತಾಗಲಿಲ್ಲ.

ಹೆಸರುಗಳ ಶ್ರೀಮಂತಿಕೆ, ಕ್ರಿಯೆಗಳ ಬಡತನ

ಆ ಮಂಡಿಯ ಮಾತನ್ನೇ ಮುಂದುವರಿಸೋಣ. ಕೋಲಾರದ ಎಪಿಎಂಸಿಗೆ ಟೊಮೆಟೊ ಹಾಕುವ ರೈತನ ಮನೆಯ ಮಗುವಿಗೆ ಎಷ್ಟು ಇಂಗ್ಲಿಷ್ ಪದಗಳು ಗೊತ್ತು ಎಂದು ಎಣಿಸಿ ನೋಡಿ. ಬೋರ್‌ವೆಲ್, ಮೋಟರ್, ಸ್ಟಾರ್ಟರ್, ಪೈಪು, ಡ್ರಿಪ್, ವಾಲ್ವ್, ಮಲ್ಚಿಂಗ್ ಪೇಪರ್, ಬಾಕ್ಸು, ಲೋಡು, ಟೆಂಪೊ, ರೇಟು, ಕಮಿಷನ್, ಬಿಲ್ಲು, ಅಡ್ವಾನ್ಸು. ನಗರದ ಮಗುವಿಗೆ ಇವುಗಳಲ್ಲಿ ಅರ್ಧ ಗೊತ್ತಿರಲಾರದು. ಶಿಡ್ಲಘಟ್ಟದ ರೇಷ್ಮೆ ಮನೆಗಳ ಮಕ್ಕಳದು ಬೇರೆಯೇ ಪಟ್ಟಿ. ಹೀಗಿರುವಾಗ ಪದಸಂಪತ್ತಿನ ಪುನರಾವರ್ತನೆಯನ್ನು 'ಆ್ಯಪಲ್, ಬಾಲ್, ಕ್ಯಾಟ್'ನಿಂದ ಮತ್ತೆ ಆರಂಭಿಸುವುದು ಮಕ್ಕಳಿಗೆ ಮಾಡುವ ಅವಮಾನ.

ಆದರೆ ಈ ಪಟ್ಟಿಯಲ್ಲಿ ಒಂದು ಕೊರತೆ ಇದೆ. ಇವೆಲ್ಲ ಹೆಸರುಗಳು. ಕನ್ನಡ ಇಂಗ್ಲಿಷಿನಿಂದ ಹೆಸರುಗಳನ್ನು ಧಾರಾಳವಾಗಿ ತೆಗೆದುಕೊಳ್ಳುತ್ತದೆ, ಕ್ರಿಯಾಪದವನ್ನು ಮಾತ್ರ ಬರಿಯಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದರ ಪಕ್ಕ ನಮ್ಮದೇ ಒಂದು ಕ್ರಿಯಾಪದ ಕೂಡಿಸಿಯೇ ಕರೆದುಕೊಳ್ಳುತ್ತದೆ. ಆನ್ ಮಾಡು, ಚಾರ್ಜ್ ಮಾಡು, ಲೋಡ್ ಮಾಡು, ಸೇಲ್ ಆಗು, ಪಾಸ್ ಆಗು. ಕಾಲ ಬದಲಾದಾಗ ಬದಲಾಗುವುದು 'ಮಾಡು', 'ಆಗು' ಮಾತ್ರ. 'ಲೋಡ್ ಮಾಡಿದೆವು', 'ಸೇಲ್ ಆಯಿತು' ಎನ್ನುತ್ತೇವೆ. 'ಲೋಡ್', 'ಸೇಲ್' ಅಲುಗಾಡುವುದಿಲ್ಲ. ಆದ್ದರಿಂದ ಊರಿನ ಮಾತಿನಲ್ಲಿ ಎಷ್ಟೇ ಇಂಗ್ಲಿಷ್ ಬೆರೆತಿದ್ದರೂ ಅದರ ಭೂತಕಾಲ ಮಗುವಿನ ಕಿವಿಗೆ ಬೀಳುವುದೇ ಅಪರೂಪ. ಹೆಸರುಗಳು ಬೀದಿಯಲ್ಲೇ ಸಿಗುತ್ತವೆ, 'ಬಾಟ್', 'ಸೋಲ್ಡ್', 'ಬ್ರಾಟ್' ಶಾಲೆಯಲ್ಲಿ ಮಾತ್ರ ಸಿಗಬೇಕು. ಸೇತುಬಂಧದ ಸಮಯ ಕಡಿಮೆ ಇದ್ದಾಗ ಅದನ್ನು ಎಲ್ಲಿ ಖರ್ಚು ಮಾಡಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಾಗಿಲ್ಲ. ಬಲ್ಲ ಹೆಸರುಗಳನ್ನೇ ಇಟ್ಟುಕೊಂಡು ಬಾರದ ಕ್ರಿಯೆಗಳನ್ನು ಕೂಡಿಸಬೇಕು. ವಿ ಬ್ರಾಟ್ ಟೆನ್ ಬಾಕ್ಸಸ್. ಫಾದರ್ ಸೋಲ್ಡ್ ಟೊಮ್ಯಾಟೋಸ್. ದ ಮೋಟರ್ ಬ್ರೋಕ್. ಮೂರನ್ನೂ ಮಗು ಚಿತ್ರವಿಲ್ಲದೆ ಅರ್ಥ ಮಾಡಿಕೊಳ್ಳುತ್ತದೆ.

'ಡಿಡ್ ನಾಟ್ ವೆಂಟ್' ಎಂಬ ಗಂಟು

ಎಲ್ಲ ತಪ್ಪುಗಳಿಗಿಂತ ಗಟ್ಟಿಮುಟ್ಟಾದ ತಪ್ಪು ಇದು. ಎಸ್ಸೆಸ್ಸೆಲ್ಸಿ ದಾಟಿದವರ ಬಾಯಲ್ಲೂ ಇರುತ್ತದೆ. ಮಗುವಿನ ತರ್ಕ ಸರಿಯಾಗಿಯೇ ಇದೆ: ನಡೆದದ್ದು ನಿನ್ನೆ, ಆದ್ದರಿಂದ 'ವೆಂಟ್', ಇಲ್ಲ ಎನ್ನಬೇಕು, ಆದ್ದರಿಂದ 'ಡಿಡ್ ನಾಟ್'. ಎರಡನ್ನೂ ಕೂಡಿಸಿತು. ವ್ಯಾಕರಣ ಪುಸ್ತಕ ಇದಕ್ಕೆ 'ಡಿಡ್ ಬಂದರೆ ವಿ ಒನ್ ಬಳಸಬೇಕು' ಎಂದು ಸೂತ್ರ ಕೊಡುತ್ತದೆ. ಸೂತ್ರ ಪರೀಕ್ಷೆಯಲ್ಲಿ ಉಳಿಯುತ್ತದೆ, ಮಾತಿನಲ್ಲಿ ಉಳಿಯುವುದಿಲ್ಲ.

ಈಗ ಕನ್ನಡ ನೋಡಿ. ಅವನು ಹೋದನು. ಇಲ್ಲ ಎನ್ನುವಾಗ? ಹೋಗಲಿಲ್ಲ. 'ಹೋದ' ಎಲ್ಲಿ ಹೋಯಿತು? ಅವಳು ಬಂದಳು, ಬರಲಿಲ್ಲ. ನಾನು ತಿಂದೆ, ತಿನ್ನಲಿಲ್ಲ. ಅವರು ಕೊಟ್ಟರು, ಕೊಡಲಿಲ್ಲ. ಅದು ಬಿತ್ತು, ಬೀಳಲಿಲ್ಲ. 'ಬಂದಲಿಲ್ಲ' ಎಂದು ಮೂರು ವರ್ಷದ ಕೂಸೂ ಅನ್ನುವುದಿಲ್ಲ. ಇಲ್ಲ ಎಂದ ತಕ್ಷಣ ಬಂದ, ತಿಂದ, ಕೊಟ್ಟ ಎಂಬ ರೂಪಗಳು ಮಾಯವಾಗಿ ಬರು, ತಿನ್ನು, ಕೊಡು ಎಂಬ ಮೂಲ ಧಾತುಗಳು ಎದ್ದು ನಿಲ್ಲುತ್ತವೆ. ಇಂಗ್ಲಿಷ್ ಮಾಡುವುದೂ ಇದನ್ನೇ. ಕೇಮ್, ಡಿಡ್ ನಾಟ್ ಕಮ್. ಏಟ್, ಡಿಡ್ ನಾಟ್ ಈಟ್. ಗೇವ್, ಡಿಡ್ ನಾಟ್ ಗಿವ್. ಹಲಗೆಯ ಮೇಲೆ ಕನ್ನಡದ ಜೋಡಿಯನ್ನೂ ಇಂಗ್ಲಿಷಿನ ಜೋಡಿಯನ್ನೂ ಅಕ್ಕಪಕ್ಕ ಬರೆದರೆ 'ಡಿಡ್ ನಾಟ್ ವೆಂಟ್' ಎಂಬುದು 'ಹೋದಲಿಲ್ಲ' ಎಂದಷ್ಟೇ ಅಸಂಬದ್ಧವಾಗಿ ಕೇಳಿಸತೊಡಗುತ್ತದೆ. ಮಕ್ಕಳು ಇದನ್ನು ಅಣಕವಾಡಿಕೊಂಡು ಓಡಾಡುತ್ತಾರೆ: 'ನಾನು ಊಟ ಮಾಡಿದಲಿಲ್ಲ ಮಿಸ್!' ಆಡಲಿ, ಒಳ್ಳೆಯದೇ.

ಈ ಸೀಮೆಯಲ್ಲಿ ಮನೆಮಾತು ಕನ್ನಡವೇ ಆಗಿರಬೇಕೆಂದಿಲ್ಲ. ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ, ಬಾಗೇಪಲ್ಲಿಯ ಹಳ್ಳಿಗಳಲ್ಲಿ ಅನೇಕ ಮಕ್ಕಳು ಮನೆಯಲ್ಲಿ ತೆಲುಗು ಆಡುತ್ತಾರೆ. ಅಲ್ಲಿ ಈ ಪಾಠ ಇನ್ನೂ ಚೆನ್ನಾಗಿ ನಡೆಯುತ್ತದೆ. ತೆಲುಗಿನಲ್ಲಿ 'ತಿನ್ನಾಡು' ಎಂದರೆ ತಿಂದ, 'ತಿನಲೇದು' ಎಂದರೆ ತಿನ್ನಲಿಲ್ಲ. 'ವಚ್ಚಾಡು' ಎಂದರೆ ಬಂದ, 'ರಾಲೇದು' ಎಂದರೆ ಬರಲಿಲ್ಲ. 'ವಚ್ಚು' ಎಲ್ಲಿ, 'ರಾ' ಎಲ್ಲಿ! ಕೇಳುವುದಕ್ಕೆ ಗೋ-ವೆಂಟ್‌ನಷ್ಟೇ ದೂರದ ಜೋಡಿ ಅದು. ಕೆಜಿಎಫ್‌ನ ತಮಿಳು ಮನೆಗಳ ಮಕ್ಕಳಿಗೂ 'ಪೋನಾನ್', 'ಪೋಗವಿಲ್ಲೈ' ಎಂದು ಅದೇ ಬಗೆ ಸಿಗುತ್ತದೆ. ಉರ್ದು ಮನೆಮಾತಿನ ಮಕ್ಕಳಿಗೆ ಈ ಹೋಲಿಕೆ ಕೈಕೊಡುತ್ತದೆ, ಏಕೆಂದರೆ ಅಲ್ಲಿ 'ಆಯಾ' ಎಂಬುದು 'ನಹೀಂ ಆಯಾ' ಎನ್ನುವಾಗಲೂ 'ಆಯಾ' ಆಗಿಯೇ ಉಳಿಯುತ್ತದೆ. ಅವರಿಗೆ ಕನ್ನಡದ ಜೋಡಿಯನ್ನೇ ತೋರಿಸಬೇಕು. ಆದರೆ ಗೋ-ವೆಂಟ್ ವಿಷಯದಲ್ಲಿ ಅವರೇ ಮುಂದು: 'ಜಾನಾ' ಎಂಬುದರ ಭೂತಕಾಲ 'ಗಯಾ'. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಧಾತುಗಳು ಒಂದೇ ಕ್ರಿಯೆಗೆ ದುಡಿಯುವುದನ್ನು ಆ ಮಕ್ಕಳು ಹುಟ್ಟಿನಿಂದ ಕೇಳಿದ್ದಾರೆ. 'ವೆಂಟ್' ಕೂಡ 'ವೆಂಡ್' ಎಂಬ ಬೇರೊಂದು ಹಳೆಯ ಕ್ರಿಯಾಪದದ ಭೂತಕಾಲವಾಗಿದ್ದು, 'ಗೋ' ಅದನ್ನು ತನ್ನದಾಗಿಸಿಕೊಂಡಿತು.

ಪ್ರಶ್ನೆಗೆ ಬಂದಾಗ ಕನ್ನಡ ನಮ್ಮ ಕೈ ಬಿಡುತ್ತದೆ ಎಂಬುದನ್ನು ಮುಚ್ಚಿಡುವಂತಿಲ್ಲ. 'ನೀನು ಹೋದೆಯಾ?' ಎನ್ನುವಲ್ಲಿ 'ಹೋದೆ' ಹಾಗೇ ಇದೆ. 'ಡಿಡ್ ಯು ವೆಂಟ್?' ಹುಟ್ಟುವುದು ಇಲ್ಲಿಂದಲೇ. ಇದಕ್ಕೆ ಅಡ್ಡದಾರಿ ಇಲ್ಲ. ಒಂದು ವಾಕ್ಯದಲ್ಲಿ ಭೂತಕಾಲದ ಗುರುತು ಒಂದೇ ಕಡೆ ಇರಬೇಕು, ಅದನ್ನು 'ಡಿಡ್' ಆಗಲೇ ಹೊತ್ತಿದೆ ಎಂದು ಹೇಳಿ, ಪ್ರಶ್ನೋತ್ತರವನ್ನೇ ಮತ್ತೆ ಮತ್ತೆ ಆಡಿಸಬೇಕು. ಡಿಡ್ ಯು ಗೋ? ಯೆಸ್, ಐ ವೆಂಟ್. ನೋ, ಐ ಡಿಡ್ ನಾಟ್ ಗೋ. ಈ ಮೂರು ಸಾಲುಗಳಲ್ಲಿ ಇಡೀ ಗಂಟು ಬಿಚ್ಚಿಕೊಂಡಿರುವುದರಿಂದ ಯಾವ ಕ್ರಿಯಾಪದ ಹೊಸದಾಗಿ ಬಂದರೂ ಮೊದಲು ಈ ಮೂರರಲ್ಲಿ ಕೂರಿಸಿ ಆಡಿಸುವುದು ವಾಸಿ.

ಇಷ್ಟೆಲ್ಲ ಕಷ್ಟದ ನಡುವೆ ಒಂದು ಸಮಾಧಾನವನ್ನು ಮಕ್ಕಳಿಗೆ ಹೇಳಲೇಬೇಕು. ಕನ್ನಡದಲ್ಲಿ ಹೋದೆನು, ಹೋದೆವು, ಹೋದೆ, ಹೋದಿರಿ, ಹೋದನು, ಹೋದಳು, ಹೋದರು, ಹೋಯಿತು, ಹೋದವು ಎಂದು ಒಂಬತ್ತು ರೂಪ. ಇಂಗ್ಲಿಷಿನಲ್ಲಿ ಎಲ್ಲರಿಗೂ 'ವೆಂಟ್' ಒಂದೇ. ಗಂಡು, ಹೆಣ್ಣು, ದನ, ದೇವರು, ಯಾರು ಹೋದರೂ 'ವೆಂಟ್'. 'ವಾಸ್', 'ವರ್' ಎಂಬ ಒಂದೇ ಒಂದು ಕ್ರಿಯಾಪದದಲ್ಲಿ ಮಾತ್ರ ತಕರಾರು.

'ಡ್' ಯಾವಾಗ, 'ಟ್' ಯಾವಾಗ

ನಿಯಮಕ್ಕೆ ಬಗ್ಗುವ ಕ್ರಿಯಾಪದಗಳಲ್ಲೂ ಉಚ್ಚಾರದ ಒಂದು ತೊಡಕಿದೆ. ಮಕ್ಕಳು ಅಕ್ಷರ ಕೂಡಿಸಿ 'ವಾಕೆಡ್', 'ಜಂಪೆಡ್', 'ವಾಷೆಡ್' ಎಂದು ಓದುತ್ತಾರೆ. ನಿಜವಾದ ಉಚ್ಚಾರ ವಾಕ್ಟ್, ಜಂಪ್ಟ್, ವಾಷ್ಟ್. 'ಪ್ಲೇ' ಮಾತ್ರ ಪ್ಲೇಡ್, 'ಕಾಲ್' ಕಾಲ್ಡ್, 'ರಬ್' ರಬ್ಡ್. ಇನ್ನು 'ವಾಂಟ್' ವಾಂಟಿಡ್, 'ನೀಡ್' ನೀಡಿಡ್.

ಇದಕ್ಕೆ ಇಂಗ್ಲಿಷ್ ವರ್ಣಮಾಲೆಯಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ನಮ್ಮ ವರ್ಗಾಕ್ಷರಗಳ ಕೋಷ್ಟಕದಲ್ಲಿ ಉತ್ತರ ಸಿದ್ಧವಾಗಿದೆ. ಪದದ ಕೊನೆಯ ಧ್ವನಿ ಕ, ಚ, ಪ ಆದರೆ, ಜೊತೆಗೆ ಸ, ಶ, ಫ ಧ್ವನಿಗಳಾದರೆ, 'ಟ್'. ಗ, ಜ, ಬ, ಅನುನಾಸಿಕಗಳು, ಸ್ವರಗಳು ಮುಂತಾಗಿ ಉಳಿದದ್ದೆಲ್ಲವೂ ಆದರೆ 'ಡ್'. ಪದವೇ ಟ್ ಅಥವಾ ಡ್‌ನಿಂದ ಮುಗಿದರೆ ಅದರ ಮೇಲೆ ಇನ್ನೊಂದು ಕೂರಲಾರದು, ಆದ್ದರಿಂದ ನಡುವೆ 'ಇ' ಬಂದು 'ಇಡ್'. ಕ, ಚ, ಪ ಬಗೆಯವು ಕರ್ಕಶ, ಗ, ಜ, ಬ ಬಗೆಯವು ಸರಳ ಎಂದು ನಮ್ಮ ವೈಯಾಕರಣರು ಬೇರ್ಪಡಿಸಿಟ್ಟದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ದೊಡ್ಡ ತರಗತಿಯವರಿಗೆ 'ಮಳೆ ಕಾಲ' ಎಂಬುದು ಮಳೆಗಾಲ ಆಗುವ ಆದೇಶ ಸಂಧಿಯನ್ನು ನೆನಪಿಸಬಹುದು. ಅಲ್ಲಿ ಕರ್ಕಶ ಸರಳವಾಗುತ್ತದೆ, ಇಲ್ಲಿ ಸರಳ ಕರ್ಕಶವಾಗುತ್ತದೆ. ಎರಡೂ ಕಡೆ ಪಕ್ಕದ ಧ್ವನಿಯದೇ ಕಾರುಬಾರು. ಸಂದೇಹ ಬಂದರೆ ಗಂಟಲಿನ ಮೇಲೆ ಬೆರಳಿಟ್ಟು 'ಸ್' ಮತ್ತು 'ಮ್' ಎಂದು ಎಳೆದು ನೋಡಿದರೆ ಒಂದರಲ್ಲಿ ನಡುಕವಿಲ್ಲ, ಇನ್ನೊಂದರಲ್ಲಿ ಇದೆ. ನಡುಕ ಇಲ್ಲದ ಕಡೆ 'ಟ್'.

ಗುಂಪು ಕಟ್ಟುವುದು, ಡಬ್ಬಿ ಕಟ್ಟುವುದು

ಪಟ್ಟಿಯನ್ನು ಅಕ್ಷರಕ್ರಮದಿಂದ ಬಿಡಿಸಿ ಶಬ್ದದ ಗುಂಪುಗಳಾಗಿ ಕಟ್ಟಿದರೆ ನೆನಪಿಗೆ ಹಿಡಿಕೆ ಸಿಗುತ್ತದೆ. ಮೊದಲು ಸೋಮಾರಿಗಳ ಗುಂಪು: ಕಟ್, ಪುಟ್, ಹಿಟ್, ಶಟ್, ಲೆಟ್, ಕಾಸ್ಟ್. ಮೂರು ಕಂಬಸಾಲುಗಳಲ್ಲೂ ಒಂದೇ ರೂಪ, ಮಕ್ಕಳಿಗೆ ಬಲು ಪ್ರೀತಿ. ಆಮೇಲೆ ಕೀಪ್-ಕೆಪ್ಟ್‌ನವರು. ಸೆಂಡ್-ಸೆಂಟ್, ಲೆಂಡ್-ಲೆಂಟ್, ಸ್ಪೆಂಡ್-ಸ್ಪೆಂಟ್, ಬಿಲ್ಡ್-ಬಿಲ್ಟ್ ಇನ್ನೊಂದು ಮನೆತನ. ಬೈ, ಬ್ರಿಂಗ್, ಥಿಂಕ್, ಕ್ಯಾಚ್, ಟೀಚ್ ಇವು ಹುಟ್ಟಿನಲ್ಲಿ ಬೇರೆಬೇರೆಯಾದರೂ ಬಾಟ್, ಬ್ರಾಟ್, ಥಾಟ್, ಕಾಟ್, ಟಾಟ್ ಎಂದು ಒಂದೇ ಕಡೆ ಬಂದು ಸೇರುತ್ತವೆ. ಬರೆಯುವಾಗ ಇವುಗಳಲ್ಲಿ ಮೂಕವಾಗಿ ಕೂರುವ ಎರಡಕ್ಷರಗಳ ಬಗ್ಗೆ ಬೇರೆಯೇ ಎಚ್ಚರ ಬೇಕು. ನೋ, ಗ್ರೋ, ಥ್ರೋ, ಬ್ಲೋ, ಫ್ಲೈ ಒಂದು ಬಳಗ. ಸಿಂಗ್, ರಿಂಗ್, ಡ್ರಿಂಕ್, ಸ್ವಿಮ್, ಬಿಗಿನ್ ಇನ್ನೊಂದು. ಗೋ ಮತ್ತು ಬಿ ಯಾರ ಮನೆಗೂ ಸೇರದವು. ಒಂದು ವಾರಕ್ಕೆ ಒಂದೇ ಗುಂಪು ಸಾಕು. ಎರಡು ಗುಂಪು ಒಟ್ಟಿಗೆ ಕೊಟ್ಟರೆ 'ಥಿಂಕ್-ಥ್ಯಾಂಕ್-ಥಂಕ್' ಶುರುವಾಗುತ್ತದೆ.

ಆದರೆ ಗುಂಪು ಅರ್ಥವಾದ ದಿನ ಸಿಗುವ ಸಂತೋಷವನ್ನು ನಂಬುವಂತಿಲ್ಲ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ತನ್ನ ಮೇಲೆಯೇ ಪ್ರಯೋಗಿಸಿ 1885ರಲ್ಲಿ ಪ್ರಕಟಿಸಿದ. ನೆನಪು ಮೊದಲ ಕೆಲವು ಗಂಟೆಗಳಲ್ಲಿ, ಮೊದಲ ದಿನದಲ್ಲಿ ಧಡಾರನೆ ಇಳಿಯುತ್ತದೆ, ಆಮೇಲೆ ಇಳಿತ ನಿಧಾನವಾಗುತ್ತದೆ. ಮತ್ತೆ ಓದಿದಾಗ ಮೊದಲಿನಷ್ಟು ಹೊತ್ತು ಬೇಕಾಗುವುದಿಲ್ಲ. ಒಂದೇ ದಿನ ಎರಡು ಗಂಟೆ ಕೂರಿಸುವುದಕ್ಕಿಂತ ನಡುವೆ ಬಿಡುವು ಕೊಟ್ಟು ದಿನಕ್ಕೆ ಹತ್ತು ನಿಮಿಷ ಕೂರಿಸುವುದು ಲಾಭದಾಯಕ ಎನ್ನುವುದು ಇದರಿಂದ ಬಂದ ತಿಳಿವಳಿಕೆ. 1970ರ ದಶಕದಲ್ಲಿ ಅದೇ ದೇಶದ ಸೆಬಾಸ್ಟಿಯನ್ ಲೈಟ್ನರ್ ಇದಕ್ಕೊಂದು ಡಬ್ಬಿಯ ಉಪಾಯ ಸೂಚಿಸಿದ. ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳ ನಲಿ-ಕಲಿ ಪದ್ಧತಿಯ ಕಾರ್ಡುಗಳಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಅದು ಹೊಸದೆನಿಸುವುದಿಲ್ಲ.

ಹಳೆಯ ಚಪ್ಪಲಿ ಡಬ್ಬಿಯೊಂದಕ್ಕೆ ಎರಡು ರಟ್ಟು ಅಡ್ಡಯಿಟ್ಟು ಮೂರು ಮನೆ ಮಾಡಿ. ಕಾರ್ಡಿಗೆ ಲಗ್ನಪತ್ರಿಕೆಗಳ ಖಾಲಿ ಬೆನ್ನು ಪ್ರಶಸ್ತ. ದಪ್ಪ ಕಾಗದ, ವರ್ಷಕ್ಕೆ ರಾಶಿ ಬೀಳುತ್ತದೆ. ಕತ್ತರಿಸಿದ ತುಂಡಿನ ಒಂದು ಮಗ್ಗುಲಲ್ಲಿ 'ನಿನ್ನೆ ಅಪ್ಪ ಟೊಮೆಟೊ ಮಾರಿದರು' ಎಂದು ಕನ್ನಡದಲ್ಲಿ, ಇನ್ನೊಂದು ಮಗ್ಗುಲಲ್ಲಿ ಇಂಗ್ಲಿಷ್ ವಾಕ್ಯ. ಬಿಡಿಪದ ಬೇಡ, ವಾಕ್ಯವೇ ಇರಲಿ. ಹೊಸ ಕಾರ್ಡು ಮೊದಲ ಮನೆಗೆ. ಮೊದಲ ಮನೆಯದು ದಿನವೂ, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ. ಕನ್ನಡ ನೋಡಿ ಇಂಗ್ಲಿಷ್ ಬಾಯಲ್ಲಿ ಬಂದರೆ ಕಾರ್ಡು ಮುಂದಿನ ಮನೆಗೆ ಬಡ್ತಿ. ಬರದಿದ್ದರೆ ಯಾವ ಮನೆಯಲ್ಲಿದ್ದರೂ ಮತ್ತೆ ಮೊದಲ ಮನೆಗೆ. ಹೀಗೆ ಬರುವುದು ದೂರ ಸರಿಯುತ್ತದೆ, ಬಾರದ್ದು ದಿನವೂ ಎದುರು ಬಂದು ನಿಲ್ಲುತ್ತದೆ. ಕಾರ್ಡು ತಿರುಗಿಸುವ ಮೊದಲು ಮಗು ಒಂದು ಉತ್ತರ ಹೇಳಲೇಬೇಕು, ತಪ್ಪಾದರೂ ಸರಿ. ನೋಡಿ ಓದುವುದಕ್ಕೂ ತಲೆಯಿಂದ ಹೊರತೆಗೆಯುವುದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಓದಿದಾಗ ಎಲ್ಲವೂ ಬರುತ್ತದೆಂಬ ಭ್ರಮೆ ಹುಟ್ಟುತ್ತದೆ, ಹೊರತೆಗೆದಾಗ ನಿಜ ಗೊತ್ತಾಗುತ್ತದೆ. ಓದುಬರಹ ಬಾರದ ಅಜ್ಜಿಯೂ ಡಬ್ಬಿಯ ಯಜಮಾನಿಕೆ ವಹಿಸಬಹುದು. ಯಾವ ಕಾರ್ಡು ಯಾವ ಮನೆಗೆ ಹೋಯಿತು ಎಂದು ಕಣ್ಣಿಟ್ಟರಾಯಿತು.

ವಿ ಥ್ರೀ ಅವಸರವಿಲ್ಲ

ಮೂರನೆಯ ಕಂಬಸಾಲನ್ನು ಮೊದಲ ದಿನದಿಂದಲೇ ಕಲಿಸುವ ವಾಡಿಕೆಯ ಬಗ್ಗೆ ನನಗೆ ತಕರಾರಿದೆ. 'ಗಾನ್', 'ಈಟನ್', 'ರಿಟನ್' ಒಂಟಿಯಾಗಿ ವಾಕ್ಯದ ಕ್ರಿಯಾಪದವಾಗಲಾರವು. ಅವುಗಳಿಗೆ ಹ್ಯಾವ್, ಹ್ಯಾಸ್, ಹ್ಯಾಡ್ ಅಥವಾ 'ವಾಸ್'ನಂಥದ್ದೊಂದು ಜೊತೆ ಬೇಕು. ಆ ಜೊತೆ ಇನ್ನೂ ಬಾರದ ಮಗುವಿಗೆ ವಿ ಥ್ರೀ ಕೊಟ್ಟರೆ 'ಐ ಗಾನ್ ಟು ಸ್ಕೂಲ್' ಎನ್ನುತ್ತದೆ. ಎರಡು ಕಂಬಸಾಲು ಗಟ್ಟಿಯಾಗುವವರೆಗೆ ಮೂರನೆಯದನ್ನು ಕಾಗದ ಮಡಿಚಿ ಮುಚ್ಚಿಟ್ಟರೆ ನಷ್ಟವೇನೂ ಇಲ್ಲ.

ತೆರೆಯುವ ಸಮಯ ಬಂದಾಗ ಮತ್ತೆ ಕನ್ನಡವೇ ಕೈಹಿಡಿಯುತ್ತದೆ. ಬಂದ, ಕೇಮ್. ಬಂದಿದ್ದಾನೆ, ಹ್ಯಾಸ್ ಕಮ್. ಬಂದಿದ್ದ, ಹ್ಯಾಡ್ ಕಮ್. 'ಬಂದು' ಎಂಬುದಕ್ಕೆ 'ಇದ್ದಾನೆ' ಸೇರುವಂತೆ 'ಕಮ್' ಎಂಬುದಕ್ಕೆ 'ಹ್ಯಾಸ್' ಸೇರುತ್ತದೆ. ಕೂಡುವ ಸ್ಥಾನ ಮಾತ್ರ ಹಿಂದುಮುಂದು. ಇಲ್ಲಿ ಒಂದು ಹಳ್ಳ ಇದೆ. ಕನ್ನಡದಲ್ಲಿ 'ಮಾವ ನಿನ್ನೆಯೇ ಬಂದಿದ್ದಾರೆ' ಎನ್ನಬಹುದು, ಇಂಗ್ಲಿಷಿನಲ್ಲಿ 'ಹ್ಯಾಸ್ ಕಮ್' ಪಕ್ಕದಲ್ಲಿ 'ಯೆಸ್ಟರ್‌ಡೇ' ಕೂರುವುದಿಲ್ಲ. ನಿನ್ನೆ, ಹೋದ ವಾರ, ಹೋದ ಸಂಕ್ರಾಂತಿ ಎಂದು ಮುಗಿದುಹೋದ ಹೊತ್ತನ್ನು ಹೆಸರಿಸಿದರೆ ವಿ ಟೂ; ಆಗಲೇ, ಇನ್ನೂ, ಇದುವರೆಗೆ ಎಂದರೆ 'ಹ್ಯಾಸ್' ಮತ್ತು ವಿ ಥ್ರೀ. ಆದ್ದರಿಂದ ವಿ ಥ್ರೀ ಕಾರ್ಡುಗಳ ಕನ್ನಡ ಮಗ್ಗುಲಿನಲ್ಲಿ 'ಆಗಲೇ' ಅಥವಾ 'ಇನ್ನೂ' ಎಂಬ ಪದ ತಪ್ಪದೆ ಇರಲಿ, 'ನಿನ್ನೆ' ಎಂಬುದು ವಿ ಟೂ ಕಾರ್ಡುಗಳಿಗೆ ಮೀಸಲಾಗಿರಲಿ, ಮತ್ತು ಎರಡು ಬಗೆಯ ಕಾರ್ಡುಗಳಿಗೂ ಬೇರೆಬೇರೆ ಬಣ್ಣದ ಶಾಯಿ ಬಳಸಿ.